ಬಂಪರ್ ಬಿರುಕು: ಯಾವ ಅಂಟು ಹಾಕಿದರೂ ಬಿಡ್ತಿದೆ, ಏನು ಮಾಡಲಿ?

ಮೂರ್ನಾಡಿನ ತೋಟದವ · ಜುಲೈ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ವಾರ ತೋಟದ ದಾರಿಯಲ್ಲಿ ಎದುರಿಗೆ ಪಿಕಪ್ ಬಂತು. ದಾರಿ ಬಿಡೋಣ ಅಂತ ಎಡಕ್ಕೆ ಎಳೆದೆ. ಹುಲ್ಲಿನೊಳಗೆ ಮೋರಿ ಕಲ್ಲು ಇರೋದು ಮರೆತೇ ಹೋಗಿತ್ತು. ಮುಂದಿನ ಬಂಪರಿನ ಎಡಮೂಲೆ ಸೀಳಿತು. ಕೆಳಗಿನ ಅಂಚಿನಿಂದ ಫಾಗ್ ಲ್ಯಾಂಪ್ ಕಡೆಗೆ ಒಂದು ಗೇಣು ಉದ್ದದ ಬಿರುಕು. ಫೆಂಡರ್ ಹತ್ತಿರ ಕಚ್ಚಿಕೊಳ್ಳುವ ಕಿವಿಯೂ ಒಂದು ಮುರಿದು ಕೈಗೆ ಬಂತು. ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಮೊದಲು ಸೂಪರ್ ಗ್ಲೂ ಹಾಕಿದೆ. ಗಟ್ಟಿಯಾಗಿ ಕೂತಿತು ಅಂತ ಖುಷಿಪಟ್ಟೆ. ಮಾರನೇ ದಿನ ಸುಂಟಿಕೊಪ್ಪದಲ್ಲಿ ಒಂದು ಹಂಪ್ ಹತ್ತಿಸಿದೆ, ಟಕ್ ಅಂತ ಬಿಟ್ಟಿತು. ಆಮೇಲೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಕಲಸಿ ಹಿಂದಿನಿಂದ ದಪ್ಪಗೆ ಬಳಿದೆ. ಎರಡು ದಿನ ಬಿಟ್ಟು ಉಗುರಿನಲ್ಲಿ ಎಬ್ಬಿಸಿದರೆ ಒಣಗಿದ ಗಂಜಿ ಪಾತ್ರೆಯಿಂದ ಏಳುವ ಹಾಗೆ ಹಾಳೆಯಾಗಿ ಎದ್ದು ಬಂತು.

ಶೋರೂಮಿನಲ್ಲಿ ಕೇಳಿದರೆ ಹೊಸ ಬಂಪರ್, ಪೇಂಟ್, ಕೂಲಿ ಎಲ್ಲಾ ಸೇರಿ 14,000 ಅಂದರು. ಕಾರಿಗೆ 11 ವರ್ಷ ಆಗಿದೆ. ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲ. ಯಾವ ಅಂಟು ಹಿಡಿಯುತ್ತೆ, ಗೊತ್ತಿದ್ದವರು ಹೇಳಿ.

ಸಂಪಾಜೆ ಘಾಟಿ · ಜುಲೈ 6, ರಾತ್ರಿ 9:58

ಹಲಸಿನ ಮೇಣ ಹಾಕಿ ನೋಡು ಮಾರಾಯ. ಕೈಗೆ ಹಿಡಿದರೆ ಮೂರು ದಿನ ಬಿಡುವುದಿಲ್ಲ, ಬಂಪರಿಗೆ ಹಿಡಿಯದೆ ಇರುತ್ತದಾ?

ಸೋಮವಾರಪೇಟೆ ಪಾಲಿಸಿ · ಜುಲೈ 6, ರಾತ್ರಿ 10:15

ಇನ್ಶೂರೆನ್ಸ್ ಕ್ಲೇಮ್ ಮಾಡು ಅಂತ ಯಾರಾದರೂ ಹೇಳುವ ಮುಂಚೆ ಲೆಕ್ಕ ಹೇಳಿಬಿಡ್ತೇನೆ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ. ಗಾಡಿ ಹೊಸದಾದರೂ ಅಷ್ಟೇ, ಹಳೆಯದಾದರೂ ಅಷ್ಟೇ. ಅದರ ಮೇಲೆ 1500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಾವೇ ಹಾಕಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಬೇರೆ ಹೋಗುತ್ತೆ. ಅದು 20%ನಿಂದ ಶುರುವಾಗಿ ಐದು ವರ್ಷ ಕ್ಲೇಮ್ ಇಲ್ಲದಿದ್ದರೆ 50% ತನಕ ಏರಿರುತ್ತೆ. ಒಂದು ಬಂಪರಿಗಾಗಿ ಅದನ್ನು ಕಳಕೊಳ್ಳುವುದು ಹೆಚ್ಚಿನವರಿಗೆ ಲಾಭ ಅಲ್ಲ.

ಮೂರ್ನಾಡಿನ ತೋಟದವ · ಜುಲೈ 6, ರಾತ್ರಿ 10:21

ನನ್ನ ಬೋನಸ್ 50%ರಲ್ಲೇ ಇದೆ. ಕ್ಲೇಮ್ ಮಾತೇ ಬೇಡ.

ವಿರಾಜಪೇಟೆ ಮೇಷ್ಟ್ರು · ಜುಲೈ 7, ಬೆಳಗ್ಗೆ 6:30

ಅಂಟು ಕೇಳುವ ಮುಂಚೆ ಪ್ಲಾಸ್ಟಿಕ್ ಯಾವುದು ಅಂತ ಕೇಳಬೇಕು. ಕಾರಿನಲ್ಲಿರುವುದು ಒಂದೇ ಪ್ಲಾಸ್ಟಿಕ್ ಅಲ್ಲ. ಬಂಪರ್ ಹೆಚ್ಚಾಗಿ ಪಾಲಿಪ್ರೊಪಿಲೀನ್. ಕನ್ನಡಿಯ ಹಿಂದಿನ ಚಿಪ್ಪು ಸಾಮಾನ್ಯವಾಗಿ ಎಬಿಎಸ್ ಅನ್ನುವ ಪ್ಲಾಸ್ಟಿಕ್ (ಬ್ರೇಕಿನ ಎಬಿಎಸ್ ಅಲ್ಲ). ಹೆಡ್‌ಲೈಟಿನ ಮುಂದಿನ ಪಾರದರ್ಶಕ ಭಾಗ ಪಾಲಿಕಾರ್ಬೊನೇಟ್. ರೇಡಿಯೇಟರಿನ ಎರಡು ಬದಿಯ ಟ್ಯಾಂಕು ಗಾಜಿನ ನಾರು ಸೇರಿಸಿದ ನೈಲಾನ್.

ಪಾಲಿಪ್ರೊಪಿಲೀನ್ ಅಂದರೆ ಬರೀ ಕಾರ್ಬನ್, ಹೈಡ್ರೋಜನ್. ಅಂಟು ಹಿಡಿದುಕೊಳ್ಳಲು ಅದರ ಮೈಯಲ್ಲಿ ಏನೂ ಇಲ್ಲ. ಈಗ ಮಳೆ ಬರ್ತಿದೆ ಅಲ್ವಾ, ಹಿತ್ತಲಿನ ಕೆಸುವಿನ ಎಲೆ ನೋಡಿ. ನೀರು ಮುತ್ತಾಗಿ ಉರುಳಿ ಹೋಗುತ್ತೆ, ಎಲೆ ನೆನೆಯುವುದೇ ಇಲ್ಲ. ಅಂಟಿಗೂ ಬಂಪರಿನ ಮೇಲೆ ಹೆಚ್ಚುಕಡಿಮೆ ಅದೇ ಗತಿ. ದ್ರವ ಮೈಗೆ ಹರಡಿ ನೆನೆಸಿದರೆ ಮಾತ್ರ ಹಿಡಿಯುತ್ತೆ. ಪಾಲಿಪ್ರೊಪಿಲೀನಿನ ಮೇಲ್ಮೈ ಶಕ್ತಿ ಮೀಟರಿಗೆ ಸುಮಾರು 30 ಮಿಲಿನ್ಯೂಟನ್. ಎಪಾಕ್ಸಿಯದು 40ರ ಮೇಲೆ, ನೀರಿನದು 72. ದ್ರವದ ಅಂಕಿ ಮೈಯದಕ್ಕಿಂತ ಕಡಿಮೆ ಇದ್ದರೆ ಚೆನ್ನಾಗಿ ಹರಡುತ್ತೆ, ಇಲ್ಲಿ ಜಾಸ್ತಿ ಇದೆ. ನಿಮ್ಮ ಎಪಾಕ್ಸಿ ಹಾಳೆಯಾಗಿ ಎದ್ದು ಬಂದದ್ದು ಅದಕ್ಕೇ. ಎಪಾಕ್ಸಿಯ ತಪ್ಪಲ್ಲ.

ಪರೀಕ್ಷೆ ಸುಲಭ. ಹಿಂದಿನಿಂದ ಒಂದು ಸಣ್ಣ ಚೂರು ಕೆತ್ತಿ ಲೋಟದ ನೀರಿಗೆ ಹಾಕಿ. ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಎಬಿಎಸ್ ಅಥವಾ ಬೇರೆ.

ಅಂದ ಹಾಗೆ, ಈ ಜಾತಿಯ ಪ್ಲಾಸ್ಟಿಕ್ ಮಾಡುವ ದಾರಿ ತೋರಿಸಿದ್ದಕ್ಕೆ ಝೀಗ್ಲರ್ ಮತ್ತು ನಟ್ಟಾ ಅವರಿಗೆ 1963ರಲ್ಲಿ ನೊಬೆಲ್ ಬಂತು.

ಸಂಪಾಜೆ ಘಾಟಿ · ಜುಲೈ 7, ಬೆಳಗ್ಗೆ 7:05

ಮೇಷ್ಟ್ರೇ, ಇದು ಪರೀಕ್ಷೆಗೆ ಬರುತ್ತದಾ?

ಮೂರ್ನಾಡಿನ ತೋಟದವ · ಜುಲೈ 7, ಸಂಜೆ 5:50

ಮೇಷ್ಟ್ರೇ, ಚೂರು ಮುಳುಗಿತು! ಮೂರು ಸಲ ಹಾಕಿ ನೋಡಿದೆ. ಗಾಳಿ ಗುಳ್ಳೆ ಅಂಟಿರಬಹುದು ಅಂತ ಬೆರಳಲ್ಲಿ ಒತ್ತಿಯೂ ನೋಡಿದೆ. ಪ್ರತಿ ಸಲ ತಳಕ್ಕೇ ಹೋಗುತ್ತೆ. ಹಾಗಾದರೆ ಇದು ಎಬಿಎಸ್ ಅಲ್ವಾ?

ನಾಪೋಕ್ಲು ಅಕ್ಕ · ಜುಲೈ 7, ಸಂಜೆ 6:20

ಎಬಿಎಸ್ ಆದರೆ ನಿಮ್ಮ ಅದೃಷ್ಟ, ಕೆಲಸ ಬಹಳ ಸುಲಭ. ನಮ್ಮ ಹೋಂಸ್ಟೇ ಗಾಡಿಯ ಕನ್ನಡಿ ಚಿಪ್ಪನ್ನು ಒಂದು ಮಂಗ ಕಿತ್ತು ಎಸೆದಿತ್ತು. ಅದರ ಹಿಂದೆ ಎಬಿಎಸ್ ಅಂತ ಬರೆದಿತ್ತು. ಅದೇ ಚಿಪ್ಪಿನ ಒಂದಿಷ್ಟು ಚೂರನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್ (ಎಬಿಎಸ್ ಕರಗಿಸುವ ದ್ರವ) ಜೊತೆ ಒಂದು ರಾತ್ರಿ ನೆನೆಸಿಟ್ಟೆ. ಬೆಳಗ್ಗೆ ದೋಸೆ ಹಿಟ್ಟಿನ ಹದಕ್ಕೆ ಬಂದಿತ್ತು. ಬಿರುಕಿಗೆ ತುಂಬಿ, ಹಿಂದಿನಿಂದ ಹತ್ತಿ ಬಟ್ಟೆಯ ಪಟ್ಟಿ ಇಟ್ಟು ಅದರ ಮೇಲೂ ಬಳಿದೆ. ಅಸಿಟೋನ್ ಆರಿದ ಮೇಲೆ ಪ್ಲಾಸ್ಟಿಕ್ಕೇ ಉಳಿಯುತ್ತೆ. ಎರಡು ಮಳೆಗಾಲ ಕಳೆಯಿತು, ಇನ್ನೂ ಗಟ್ಟಿ ಇದೆ. ಅಸಿಟೋನಿಗೆ ಬೇಗ ಬೆಂಕಿ ಹತ್ತುತ್ತೆ, ಒಲೆ ಹತ್ತಿರ ಮಾತ್ರ ಇಟ್ಟುಕೊಳ್ಳಬೇಡಿ.

ಆದರೆ ಸುಮ್ನೆ ತರಬೇಡಿ. ಮೊದಲು ಬಂಪರಿನ ಒಳಮೈಗೆ ಒಂದು ಹನಿ ಹಾಕಿ ನೋಡಿ. ಎಬಿಎಸ್ ಆದರೆ ಅರ್ಧ ನಿಮಿಷದಲ್ಲಿ ಅಂಟಂಟಾಗುತ್ತೆ.

ಮೂರ್ನಾಡಿನ ತೋಟದವ · ಜುಲೈ 8, ರಾತ್ರಿ 8:10

ಅಕ್ಕ, ಹನಿ ಹಾಕಿದೆ. ಏನೂ ಆಗಲಿಲ್ಲ. ಹಾಗೇ ಆರಿ ಹೋಯಿತು. ಮುಳುಗುತ್ತೆ, ಆದರೆ ಕರಗಲ್ಲ. ಇದು ಯಾವ ಜಾತಿಯಪ್ಪಾ?

ಕುಶಾಲನಗರ ಟಿಂಕರಿಂಗ್ · ಜುಲೈ 8, ರಾತ್ರಿ 9:30

ತಮ್ಮಾ, ಲೋಟದ ನೀರು ಚೆಲ್ಲಿಬಿಡು. ಟಾರ್ಚ್ ಹಿಡಿದು ಬಂಪರಿನ ಒಳಗಡೆ ನೋಡು. ಕಂಪನಿಯವರೇ ಅಚ್ಚಿನಲ್ಲಿ ಬರೆದಿರುತ್ತಾರೆ, ಎರಡು ಬಾಣದ ಗುರುತಿನ ನಡುವೆ. ಕೆಸರು ಮೆತ್ತಿರುತ್ತೆ, ಒರೆಸಿ ನೋಡು.

ಮೂರ್ನಾಡಿನ ತೋಟದವ · ಜುಲೈ 8, ರಾತ್ರಿ 9:52

ಸಿಕ್ಕಿತು ಅಣ್ಣಾ! ಪಿಪಿ + ಇಪಿಡಿಎಂ - ಟಿಡಿ20 ಅಂತ ಇದೆ. ಹನ್ನೊಂದು ವರ್ಷ ಈ ಕಾರು ಓಡಿಸಿದ್ದೇನೆ, ಇದನ್ನು ನೋಡೇ ಇರಲಿಲ್ಲ.

ವಿರಾಜಪೇಟೆ ಮೇಷ್ಟ್ರು · ಜುಲೈ 8, ರಾತ್ರಿ 10:05

ನನ್ನ ಲೋಟದ ಪರೀಕ್ಷೆ ಇಲ್ಲಿ ಸೋತಿತು, ಒಪ್ಪಿಕೊಳ್ತೇನೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಇಪಿಡಿಎಂ ಅಂದರೆ ಅದಕ್ಕೆ ಬೆರೆಸಿದ ರಬ್ಬರ್, ಟಿಡಿ20 ಅಂದರೆ 20% ಟಾಲ್ಕ್ ಪುಡಿ. ಮುಖಕ್ಕೆ ಹಾಕುವ ಪೌಡರಿನ ಅದೇ ಕಲ್ಲು. ಬರೀ ಪಾಲಿಪ್ರೊಪಿಲೀನಿನ ಸಾಂದ್ರತೆ 0.9, ಅದಕ್ಕೇ ತೇಲುತ್ತೆ. ಇಷ್ಟು ಕಲ್ಲಿನ ಪುಡಿ ಸೇರಿದರೆ 1 ದಾಟುತ್ತೆ, ಮುಳುಗುತ್ತೆ. ಬಕೆಟ್ಟಿಗೆ ಹೇಳಬೇಕಾದ್ದನ್ನು ಬಂಪರಿಗೆ ಹೇಳಿಬಿಟ್ಟೆ.

ಕುಶಾಲನಗರ ಟಿಂಕರಿಂಗ್ · ಜುಲೈ 8, ರಾತ್ರಿ 10:40

ಮೇಷ್ಟ್ರೇ, ಬಿಡಿ, ನಮ್ಮ ಶೆಡ್ಡಿನಲ್ಲಿ ಲೋಟ ಇರೋದು ಟೀ ಕುಡಿಯಲು ಮಾತ್ರ. ಗುರುತು ಅಳಿಸಿ ಹೋಗಿದ್ದರೆ ನಾವು 80ರ ಉಪ್ಪುಕಾಗದದಲ್ಲಿ ಉಜ್ಜಿ ನೋಡ್ತೇವೆ. ಎಬಿಎಸ್ ಆದರೆ ಪುಡಿ ಉದುರುತ್ತೆ. ಪಿಪಿ ಆದರೆ ತೆಂಗಿನ ನಾರಿನ ಹಾಗೆ ಜುಂಗು ಏಳುತ್ತೆ.

ಈಗ ಕೆಲಸಕ್ಕೆ ಬರೋಣ. ಪಿಪಿಗೆ ಅಂಟು ಹುಡುಕಬೇಡ. ಕರಗಿಸಿ ಬೆಸೆ. ಕಬ್ಬಿಣಕ್ಕೆ ವೆಲ್ಡಿಂಗ್ ಮಾಡುವ ಹಾಗೇ ಇದಕ್ಕೂ ಮಾಡಬಹುದು. ಎಬಿಎಸ್‌ಗೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತೆ, ಅದು ಬೇರೆ ಮಾತು.

ಬಂಪರ್ ಬಿಚ್ಚಿ ತೆಗೆ. ಗಾಡಿಯಲ್ಲೇ ಇಟ್ಟು ಮಾಡಿದರೆ ಹಿಂದಕ್ಕೆ ಕೈ ಹೋಗಲ್ಲ. ಬಿಚ್ಚಿದಾಗ ಒಳಗಿನ ಕಬ್ಬಿಣದ ಅಡ್ಡಪಟ್ಟಿ ಬಾಗಿದೆಯಾ, ಥರ್ಮಾಕೋಲಿನ ಥರದ ಫೋಮ್ ಒಡೆದಿದೆಯಾ ಅಂತ ನೋಡು. ಗುದ್ದು ತಡೆಯುವುದು ಅವೆರಡು. ಹೊರಗೆ ಕಾಣುವುದು ಬರೀ ತೊಗಲು. ಅವು ಕೆಟ್ಟಿದ್ದರೆ ಅವನ್ನೇ ಮೊದಲು ಬದಲಾಯಿಸು.

ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸು. ಹಿಂದೆ ಹಾಕಿದ ಅಂಟನ್ನೆಲ್ಲ ಕೆರೆದು ತೆಗೆ, ಒಂದು ಚೂರೂ ಉಳಿಯಬಾರದು. ಆಮೇಲೆ ಬಿರುಕು ಎಲ್ಲಿ ನಿಂತಿದೆಯೋ ಆ ತುದಿಯಲ್ಲಿ 3 ಎಂಎಂ ತೂತು ಕೊರೆ. ಇದನ್ನು ಬಿಟ್ಟರೆ ಬಿರುಕು ಮುಂದೆ ಓಡುತ್ತೆ. ಚೂಪಾದ ತುದಿಗೆ ಬೀಳುವ ಎಳೆತ ಗುಂಡು ತೂತಿನ ಸುತ್ತ ಹಂಚಿಹೋಗುತ್ತೆ, ಅದಕ್ಕೇ ನಿಲ್ಲುತ್ತೆ.

ಹೊರಗಡೆ ಎರಡು ಅಂಚು ಸಮ ಕೂರಿಸಿ ಅಲ್ಯೂಮಿನಿಯಂ ಟೇಪ್ ಬಿಗಿಯಾಗಿ ಹಚ್ಚು. ಒಳಗಿನಿಂದ ಸೋಲ್ಡರಿಂಗ್ ಐರನ್ನಿನಲ್ಲಿ ಬಿರುಕಿನ ಉದ್ದಕ್ಕೆ ಅರ್ಧ ದಪ್ಪದಷ್ಟು ಚಡಿ ಎಳೆ. ರೇಡಿಯೋ ರಿಪೇರಿಯ 25 ವ್ಯಾಟಿನದು ಸಾಲಲ್ಲ, 60 ವ್ಯಾಟ್ ಬೇಕು. ಚಡಿಯ ಮೇಲೆ ಸ್ಟೀಲ್ ಜಾಲರಿ ಇಟ್ಟು ಐರನ್ನಿನಿಂದ ಒತ್ತು. ಪ್ಲಾಸ್ಟಿಕ್ ಕರಗಿ ಜಾಲರಿಯ ಕಣ್ಣುಗಳಿಂದ ಮೇಲಕ್ಕೆ ಉಕ್ಕಬೇಕು. ಉಕ್ಕಿದರೆ ಕೂತಿತು ಅಂತ ಅರ್ಥ. ಮೇಲಿನಿಂದ ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿ ಕರಗಿಸಿ ಮುಚ್ಚು.

ಪಿಪಿ 160 ಡಿಗ್ರಿ ಹತ್ತಿರ ಕರಗುತ್ತೆ. ಐರನ್ ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಇರುತ್ತೆ. ಒಂದೇ ಕಡೆ ಹಿಡಿದರೆ ಕಂದು ಬಣ್ಣಕ್ಕೆ ತಿರುಗಿ ಹೊಗೆ ಬರುತ್ತೆ. ಹಾಗೆ ಸುಟ್ಟ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಕೈ ಆಡ್ತಾ ಇರಲಿ. ಮನೆ ಒಳಗೆ ಮಾಡಬೇಡ, ಜಗಲಿಯಲ್ಲಿ ಮಾಡು, ಮಾಸ್ಕ್ ಹಾಕಿಕೋ.

ಮೂರ್ನಾಡಿನ ತೋಟದವ · ಜುಲೈ 8, ರಾತ್ರಿ 11:00

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅದೇ ಜಾತಿಯ ಪ್ಲಾಸ್ಟಿಕ್ ಎಲ್ಲಿಂದ ತರಲಿ? ಸ್ಟೀಲ್ ಜಾಲರಿ?

ನಾಪೋಕ್ಲು ಅಕ್ಕ · ಜುಲೈ 9, ಬೆಳಗ್ಗೆ 7:15

ಮನೆಯಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಇಲ್ಲದ ತೋಟ ಕೊಡಗಲ್ಲಿ ಉಂಟಾ? ತಿರುಗಿಸಿ ತಳ ನೋಡಿ. ತ್ರಿಕೋನದ ಒಳಗೆ 5 ಅಂತ ಇದ್ದರೆ ಪಿಪಿ. 2 ಇದ್ದರೆ ಬೇಡ, ಅದು ಪಾಲಿಥಿಲೀನ್, ಪಿಪಿ ಜೊತೆ ಬೆರೆಯಲ್ಲ. ಜಾಲರಿಗೆ ಕಾಫಿ ಸೋಸುವ ಹಳೆಯ ಸ್ಟೀಲ್ ಸೋಸಣಿಗೆ ಸಾಕು. ಅಮ್ಮನನ್ನು ಕೇಳಿಯೇ ತಗೊಳ್ಳಿ.

ಗೋಣಿಕೊಪ್ಪ ಜೀಪ್ · ಜುಲೈ 9, ಮಧ್ಯಾಹ್ನ 1:30

ಇಲ್ಲೇ ಒಂದು ಮಾತು ಸೇರಿಸ್ತೇನೆ. ಬಂಪರ್ ಆಯಿತು, ರೇಡಿಯೇಟರಿಗೆ ಈ ಆಟ ಬೇಡ. ಎರಡು ವರ್ಷದ ಹಿಂದೆ ಮಾಕುಟ್ಟ ಘಾಟಿ ಹತ್ತುವಾಗ ನಮ್ಮ ಚಿಕ್ಕಪ್ಪನ ಗಾಡಿಯ ರೇಡಿಯೇಟರ್ ಟ್ಯಾಂಕಿನಲ್ಲಿ ಕೂದಲೆಳೆ ಬಿರುಕು ಬಂತು. ಗಾಡಿ ತಣ್ಣಗಾಗುವ ತನಕ ಕಾದು, ಒಣಗಿಸಿ ಎಪಾಕ್ಸಿ ಪುಟ್ಟಿ ಮೆತ್ತಿದರು. ವಿರಾಜಪೇಟೆ ತನಕ ಬಂತು. ಅದನ್ನೇ ನಂಬಿ ಹಾಗೇ ಬಿಟ್ಟರು. ಹತ್ತು ದಿನ ಆದಮೇಲೆ ಹುಣಸೂರು ದಾರಿಯಲ್ಲಿ ಪುಟ್ಟಿ ಮುದ್ದೆಯಾಗಿ ಕಳಚಿ ಬಿತ್ತು. ನೀರೆಲ್ಲ ಹೋಗಿ ಇಂಜಿನ್ ಹೆಡ್ ಬಾಗಿತು. ಅದರ ಖರ್ಚಿನಲ್ಲಿ ನಾಲ್ಕು ರೇಡಿಯೇಟರ್ ಬರ್ತಿತ್ತು.

ವಿರಾಜಪೇಟೆ ಮೇಷ್ಟ್ರು · ಜುಲೈ 9, ಮಧ್ಯಾಹ್ನ 2:10

ಆಗಲೇಬೇಕಾದ್ದು ಆಯಿತು. ಒಳಗೆ ನೀರು 90ರಿಂದ 100 ಡಿಗ್ರಿ ಇರುತ್ತೆ, ಮೇಲೆ ಒತ್ತಡ ಬೇರೆ. ಮಾಮೂಲಿ ಎಪಾಕ್ಸಿ ಅದಕ್ಕಿಂತ ಎಷ್ಟೋ ಮುಂಚೆ ಮೆತ್ತಗಾಗುತ್ತೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಯಾರೂ ತೆಗೆಯಬೇಡಿ.

ಕುಶಾಲನಗರ ಟಿಂಕರಿಂಗ್ · ಜುಲೈ 9, ರಾತ್ರಿ 9:00

ಸ್ಟೀರಿಂಗ್ ನಡುವಿನ ಏರ್‌ಬ್ಯಾಗ್ ಮುಚ್ಚಳಕ್ಕೂ ಅಂಟು ಹಾಕಬಾರದು. ಅದು ಹರಿದು ಬಿಚ್ಚಿಕೊಳ್ಳಲಿ ಅಂತಲೇ ಮಾಡಿರುವುದು. ಹೊಸ ಗಾಡಿಗಳಲ್ಲಿ ಬಂಪರಿನ ಹಿಂದೆ ರಾಡಾರ್ ಇದ್ದರೆ ಅದರ ಎದುರಿನ ಜಾಗಕ್ಕೆ ಜಾಲರಿ, ಪುಟ್ಟಿ ಏನೂ ಬೇಡ. ತಮ್ಮನ ಗಾಡಿಗೆ ಆ ಚಿಂತೆ ಇಲ್ಲ.

ಮೂರ್ನಾಡಿನ ತೋಟದವ · ಜುಲೈ 13, ಸಂಜೆ 4:45

ಕೆಲಸ ಶುರು ಮಾಡಿದೆ, ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ.

ಬಂಪರ್ ಬಿಚ್ಚಿದೆ. ಅಡ್ಡಪಟ್ಟಿ ನೆಟ್ಟಗಿದೆ, ಫೋಮಿಗೂ ಏನೂ ಆಗಿಲ್ಲ. ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ) ಹಿಂದೆ ಬಿದ್ದಿದ್ದ ಬಿಳಿ ಕುರ್ಚಿಯ ತಳದಲ್ಲಿ 5 ಇತ್ತು. ಒಂದು ಕಾಲು ಸೀಳಿ ಬೆರಳು ಅಗಲದ ಪಟ್ಟಿ ಮಾಡಿಕೊಂಡೆ. ಸೋಸಣಿಗೆ ಅಮ್ಮ ಕೊಡಲಿಲ್ಲ, ಪೇಟೆಯಿಂದ ಹೊಸದು ತಂದೆ. ಅವರು ಹೊಸದನ್ನು ಇಟ್ಟುಕೊಂಡು ಹಳೆಯದು ಕೊಟ್ಟರು.

ಬಿರುಕಿನ ಅರ್ಧ ಬೆಸೆದಿದ್ದೆ, ಕರೆಂಟ್ ಹೋಯಿತು. ಎಲ್ಲೋ ಲೈನ್ ಮೇಲೆ ಸಿಲ್ವರ್ ಓಕ್ ಬಿದ್ದಿದೆಯಂತೆ. ಮೂರು ದಿನ ಆದರೂ ಬರಬಹುದು, ಬರದೆಯೂ ಇರಬಹುದು. ಬೆಸೆದ ಅರ್ಧ ಮಾತ್ರ ನಿಜವಾಗಿ ಗಟ್ಟಿ. ಎರಡು ಕೈಯಲ್ಲಿ ಬಗ್ಗಿಸಿದೆ, ಜಗ್ಗಲಿಲ್ಲ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಡ್ರಿಲ್ ಬಿಟ್ ಹುಡುಕಲು ಸೋಮಾರಿತನ ಮಾಡಿ ತುದಿಗೆ ತೂತು ಕೊರೆದಿರಲಿಲ್ಲ. ಬಗ್ಗಿಸಿ ನೋಡುವಾಗ ಬಿರುಕು ಒಂದು ಅಂಗುಲ ಮುಂದೆ ಹೋಯಿತು.

ಕುಶಾಲನಗರ ಟಿಂಕರಿಂಗ್ · ಜುಲೈ 13, ರಾತ್ರಿ 8:30

ಹೇಳಿದ್ದೆ ಅಲ್ವಾ! ಈಗಲಾದರೂ ಕೊರೆ. ತುದಿ ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಮುಂದೆ ಇರುತ್ತೆ, ಎರಡು ಎಂಎಂ ಮುಂದೆಯೇ ಕೊರೆ. ಕರೆಂಟ್ ಇಲ್ಲದಿದ್ದರೆ ಹಳೆಯ ಚಪ್ಪಟೆ ಸ್ಕ್ರೂಡ್ರೈವರನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ಒತ್ತು. ಒಂದು ಸಲಕ್ಕೆ ಒಂದು ಅಂಗುಲ ಆಗುತ್ತೆ. ನಾವು ಕಲಿತಿದ್ದೇ ಹಾಗೆ.

ಮೂರ್ನಾಡಿನ ತೋಟದವ · ಜುಲೈ 15, ಮಧ್ಯಾಹ್ನ 12:20

ಸ್ಕ್ರೂಡ್ರೈವರಿನಲ್ಲೇ ಮುಗಿಸಿದೆ. ಒಟ್ಟು ಎರಡು ಗಂಟೆ ಹಿಡಿಯಿತು. ಮೊದಲ ನಾಲ್ಕು ಒತ್ತಿನಲ್ಲಿ ಎರಡು ಸುಟ್ಟೆ, ಮೇಣದಬತ್ತಿ ಆರಿಸಿದಾಗ ಬರುವ ವಾಸನೆ ಬಂತು. ಆಮೇಲೆ ಹದ ಸಿಕ್ಕಿತು. ಸ್ಕ್ರೂಡ್ರೈವರನ್ನು ಒದ್ದೆ ಬಟ್ಟೆಗೆ ಒಮ್ಮೆ ತಾಗಿಸಿ, ಚುಂಯ್ ಅಂದ ಮೇಲೆ ಒತ್ತಿದರೆ ಸುಡುವುದಿಲ್ಲ. ಜಾಲರಿಯ ಪ್ರತಿ ಕಣ್ಣಿನಿಂದ ಕಪ್ಪು ಪ್ಲಾಸ್ಟಿಕ್ ಸಾಸಿವೆ ಕಾಳಿನ ಹಾಗೆ ಮೇಲೆ ಬಂತು. ಅದರ ಮೇಲೆ ಕುರ್ಚಿಯ ಬಿಳಿ ಪಟ್ಟಿ ಕರಗಿಸಿದೆ. ನೋಡಲು ಅಸಹ್ಯ, ಆದರೆ ಒಳಗಡೆ ಯಾರು ನೋಡ್ತಾರೆ.

ಮುರಿದ ಕಿವಿಗೂ ಎರಡು ಬದಿ ಜಾಲರಿ ಹಾಕಿ ಬೆಸೆದೆ. ಹೊರಗಡೆ ಸಣ್ಣ ಚಡಿ ಉಳಿದಿದೆ. ಅದಕ್ಕೆ ಎಪಾಕ್ಸಿ ತುಂಬಿ ಪೇಂಟ್ ಮಾಡಬಹುದಾ? ಈ ಚಳಿಯಲ್ಲಿ ಎಪಾಕ್ಸಿ ಬೇಗ ಒಣಗಲ್ಲ, ಒಲೆ ಮೇಲಿನ ಅಟ್ಟದಲ್ಲಿ ಇಡೋಣ ಅಂತಿದ್ದೇನೆ.

ಸಂಪಾಜೆ ಘಾಟಿ · ಜುಲೈ 15, ಮಧ್ಯಾಹ್ನ 12:41

ಅಟ್ಟದಲ್ಲಿ ಹಂದಿ ಮಾಂಸದ ಪಕ್ಕ ಇಡು. ಆಮೇಲೆ ನಿನ್ನ ಕಾರಿನ ಹಿಂದೆ ಊರಿನ ನಾಯಿಯೆಲ್ಲ ಓಡಿಬರ್ತವೆ.

ವಿರಾಜಪೇಟೆ ಮೇಷ್ಟ್ರು · ಜುಲೈ 15, ಮಧ್ಯಾಹ್ನ 3:00

ನಗೆಯ ಮಾತಲ್ಲ, ಅಟ್ಟ ಬೇಡ. ಹೊಗೆಯ ಜಿಡ್ಡು ಕೂತರೆ ಪೇಂಟ್ ಹಿಡಿಯಲ್ಲ. ಚಳಿಯ ಮಾತು ಸರಿ. 10 ಡಿಗ್ರಿ ಕಡಿಮೆಯಾದರೆ ಎಪಾಕ್ಸಿ ಗಟ್ಟಿಯಾಗಲು ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲೆ ಮೇಣದಂಥ ಜಿಗುಟು ಪದರ ಬರುತ್ತೆ, ಅದನ್ನು ಬೆಚ್ಚನೆ ನೀರಲ್ಲಿ ಒರೆಸಿ ತೆಗೆದ ಮೇಲೆಯೇ ಉಜ್ಜಬೇಕು. ಕರೆಂಟ್ ಬಂದಾಗ 60 ವ್ಯಾಟಿನ ಹಳೆಯ ಗುಂಡು ಬಲ್ಬನ್ನು ಎರಡಡಿ ದೂರದಲ್ಲಿ ಹಚ್ಚಿಡಿ. ಎಲ್‌ಇಡಿ ಬಲ್ಬಿನಿಂದ ಆಗಲ್ಲ, ಅದಕ್ಕೆ ಬಿಸಿ ಇಲ್ಲ.

ಎಪಾಕ್ಸಿ ಹಿಡಿಯಬೇಕಾದರೆ ಮೈಯನ್ನು ಮೊದಲು ಉರಿಗೆ ಒಡ್ಡಿ. ಗ್ಯಾಸ್ ಟಾರ್ಚಿನ ನೀಲಿ ಉರಿಯ ತುದಿಯನ್ನು ಸರ್ರನೆ ಒಮ್ಮೆ ಆಡಿಸಬೇಕು, ನಿಲ್ಲಿಸಬಾರದು. ಆಗ ಮೇಲ್ಮೈಗೆ ಆಮ್ಲಜನಕ ಸೇರುತ್ತೆ. ಒಂದು ಹನಿ ನೀರು ಹಾಕಿ ನೋಡಿ. ಮುತ್ತಾಗದೆ ಹರಡಿಕೊಂಡರೆ ಸರಿಯಾಯಿತು. ಒರೆಸಿ ಒಣಗಿಸಿ, ತಡಮಾಡದೆ ಅಂಟು ಹಾಕಿ.

ಕುಶಾಲನಗರ ಟಿಂಕರಿಂಗ್ · ಜುಲೈ 15, ರಾತ್ರಿ 9:10

ಮೇಷ್ಟ್ರು ಹೇಳಿದ್ದು ಸರಿ, ಆದರೆ ಸುತ್ತ ಪೇಂಟ್ ಇರುವಾಗ ಹೊಸಬರ ಕೈಗೆ ಟಾರ್ಚ್ ಕೊಡಲು ನನಗೆ ಭಯ. ಪೇಂಟ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ರೈಮರ್ ಕೇಳು. ಅದೂ ಅದೇ ಕೆಲಸ ಮಾಡುತ್ತೆ. ಹೊರಗಡೆಗೆ ಗಟ್ಟಿ ಎಪಾಕ್ಸಿ ಬೇಡ, ಬಂಪರಿನದೇ ಬಾಗುವ ಪುಟ್ಟಿ ಸಿಗುತ್ತೆ. ಬಂಪರ್ ಬಾಗುತ್ತೆ, ಪುಟ್ಟಿ ಬಾಗದಿದ್ದರೆ ಗೆರೆ ಬಿದ್ದು ಎದ್ದು ಬರುತ್ತೆ. ಪುಟ್ಟಿ ಒಣಗಿದ ಮೇಲೆ 180, ಆಮೇಲೆ 320ರಲ್ಲಿ ಉಜ್ಜು. ಪೇಂಟ್ ಮಳೆ ಬಿಟ್ಟ ದಿನ ಮಾಡು.

ಸಂಪಾಜೆ ಘಾಟಿ · ಜುಲೈ 15, ರಾತ್ರಿ 9:14

ಹಾಗಾದರೆ ಸೆಪ್ಟೆಂಬರ್.

ಮೂರ್ನಾಡಿನ ತೋಟದವ · ಸೆಪ್ಟೆಂಬರ್ 4, ಬೆಳಗ್ಗೆ 10:30

ನಿಜವಾಗಿಯೂ ಸೆಪ್ಟೆಂಬರೇ ಆಯಿತು. ಒಂದೂವರೆ ತಿಂಗಳು ಪುಟ್ಟಿ ಬಣ್ಣದ ಮೂಲೆ ಇಟ್ಟುಕೊಂಡೇ ಓಡಾಡಿದೆ. ತೋಟದ ದಾರಿ, ಮಡಿಕೇರಿ, ಎರಡು ಸಲ ಮೈಸೂರು. ಬಿರುಕು ಕದಲಿಲ್ಲ. ಕಿವಿ ಮಾತ್ರ ಆಗಸ್ಟ್‌ನಲ್ಲಿ ಒಮ್ಮೆ ಬಿಟ್ಟಿತು. ಬಿಚ್ಚಿ ನೋಡಿದರೆ ನಾನು ಸುಟ್ಟು ಕಂದು ಮಾಡಿದ್ದ ಜಾಗದಲ್ಲೇ ಮುರಿದಿತ್ತು. ಆ ಭಾಗ ಕೆತ್ತಿ ತೆಗೆದು ಕುರ್ಚಿ ಪಟ್ಟಿ ಹಾಕಿ ಮತ್ತೆ ಬೆಸೆದೆ, ಈ ಸಲ ಐರನ್ನಿನಲ್ಲಿ.

ನಮ್ಮ ಕೈಲ್ ಮುಹೂರ್ತ ಹಬ್ಬಕ್ಕೆ ಮೂರು ದಿನ ಮುಂಚೆ ಬಿಸಿಲು ಬಂತು. ಪ್ರೈಮರ್ ಹಾಕಿ ಪೇಂಟ್ ಮಾಡಿದೆ. ನಿನ್ನೆ ಕಾರು ತೊಳೆದು ನಿಲ್ಲಿಸಿದ್ದೆ. ನೆಂಟರು ಯಾರೂ ಗಮನಿಸಲಿಲ್ಲ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಬಣ್ಣ ಸ್ವಲ್ಪ ಬೇರೆ ಅಂತ ಗೊತ್ತಾಗುತ್ತೆ. ಖರ್ಚು ಒಟ್ಟು 1,350. ಅದರಲ್ಲಿ 90 ಅಮ್ಮನ ಸೋಸಣಿಗೆಗೆ.

ಕುಶಾಲನಗರ ಟಿಂಕರಿಂಗ್ · ಸೆಪ್ಟೆಂಬರ್ 4, ಮಧ್ಯಾಹ್ನ 1:15

ಫೋಟೋ ನೋಡಿದೆ. ಮೊದಲ ಸಲಕ್ಕೆ ಪರವಾಗಿಲ್ಲ. ಬಣ್ಣದ ಅಂಚನ್ನು ಬಿರುಕಿನ ಹತ್ತಿರ ನಿಲ್ಲಿಸಿದ್ದೀಯಾ, ಅದಕ್ಕೇ ಎದ್ದು ಕಾಣ್ತಿದೆ. ಇನ್ನೊಂದು ಸಲ ಬಂಪರಿನ ಮಡಿಕೆ ತನಕ ಎಳೆದುಕೊಂಡು ಹೋಗು.

ಗೋಣಿಕೊಪ್ಪ ಜೀಪ್ · ಸೆಪ್ಟೆಂಬರ್ 4, ಸಂಜೆ 6:00

ಆ ಕುರ್ಚಿಯಲ್ಲಿ ಏನಾದರೂ ಉಳಿದಿದೆಯಾ? ನನ್ನ ವೈಪರ್ ಕೆಳಗಿನ ಪ್ಲಾಸ್ಟಿಕ್ ಹಲಗೆ ಸೀಳಿದೆ. ಹಿಂದೆ ಪಿಪಿ ಅಂತಲೇ ಇದೆ, ನೋಡಿಕೊಂಡೇ ಕೇಳ್ತಿದ್ದೇನೆ.

ಮೂರ್ನಾಡಿನ ತೋಟದವ · ಸೆಪ್ಟೆಂಬರ್ 4, ಸಂಜೆ 6:08

ಎರಡು ಕಾಲು, ಬೆನ್ನು ಪೂರ್ತಿ ಇದೆ. ಮೂರ್ನಾಡಿಗೆ ಬಂದಾಗ ಬನ್ನಿ, ಸೀಳಿಟ್ಟಿರ್ತೇನೆ.